ಆರು ತಾಸಿನ ಕಡ್ಡಿ

ಸೂಗಮ್ಮನ ಅತ್ತೆ ಹುಲಿಗೆಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಸುರಂಗದ ಗೋಡೆ ತಡವಿಕೊಂಡು ಮನೆಗೆ ಬಂದಳು. ಕೈಯಲ್ಲಿದ್ದ ಮಿಂಚುಕಡ್ಡಿ ಆರಿ ಎಷ್ಟೋ ಹೊತ್ತಾಗಿತ್ತು. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ಬಾಗಿಲ ಪರದೆ ಸರಿಸಿ ಒಳಗೆ ಬಂದವಳು ಕೂರದೆ ಹಾಗೇ ನಿಂತಳು.

"ಬಸ್ಸಮ್ಮ ಹೋದಳವ್ವ. ಕೂಸು ಉಳೀತು."

ಸೂಗಮ್ಮ ಉಣ್ಣುವ ತಟ್ಟೆ ಬಿಟ್ಟು ಎದ್ದಳು. ಮನೆಯ ಕಡ್ಡಿಯ ಕೆಂಪು ಬೆಳಕಿನಲ್ಲಿ ಅತ್ತೆಯ ಸೀರೆ ಬರೀ ನೀರಿನಲ್ಲಿ ನೆಂದ ಹಾಗೆ ಕಾಣುತ್ತಿತ್ತು. ಮುಟ್ಟಿದಾಗ ಬೆರಳು ಅಂಟಿತು.

"ಕಾಣಲಿಲ್ಲ ನನಗ," ಅಂದಳು ಹುಲಿಗೆಮ್ಮ. "ಅವರ ಮನಿ ಹಸರ ಕಡ್ಡಿ ಮೊದಲ ಆರಿತ್ತು. ನನ್ನ ಕೆಂಪು ಕಡ್ಡಿ ಒಂದ ಇತ್ತು. ಬಟ್ಟಿ ಒದ್ದಿ ಆತು, ನೀರು ಅಂದ್ಕೊಂಡೆ. ಕೆಂಪು ಬೆಳಕಿನಾಗ ಕೆಂಪು ಹೆಂಗ ಕಾಣಬೇಕು? ವಾಸನಿ ಬಂದು ಗಾಬರಿ ಆಗೋ ಹೊತ್ತಿಗೆ ಅದೂ ಆರಿತು. ಕತ್ತಲದಾಗ ಅಕಿ ನನ್ನ ಕೈ ಹಿಡ್ಕೊಂಡಿದ್ಲು. ಹಿಡತ ಸಡಲಾದಾಗ ಗೊತ್ತಾತು."

ಆಗ ಅವಳು ಕೂತಳು. ನಲವತ್ತು ವರ್ಷ ಹೆರಿಗೆ ಮಾಡಿಸಿದ ಸೂಲಗಿತ್ತಿ ತನ್ನ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡುತ್ತ ಕೂತಿದ್ದನ್ನು ಸೂಗಮ್ಮ ಅದೇ ಮೊದಲು ಕಂಡದ್ದು.

ಬಂಡೆಹಾಳದ ಚಿನ್ನ ಮುಗಿದು ಗಣಿ ಮುಚ್ಚಿದ ಮೇಲೆ ಬಹಳ ಕಾಲ ಅಲ್ಲಿ ಬಾವಲಿಗಳ ಹೊರತು ಯಾರೂ ಇರಲಿಲ್ಲ. ಆಮೇಲೆ ಬೇಸಿಗೆಗಳು ಬದಲಾದವು. ಹೋಳಿ ಮುಗಿಯುವಷ್ಟರಲ್ಲಿ ಬಿಸಿಲು ಐವತ್ತು ಡಿಗ್ರಿ ದಾಟಿ, ಹಂಚಿನ ಮೇಲಿನ ಕಾಗೆಗಳು ಉದುರತೊಡಗಿದಾಗ ಸರ್ಕಾರ ಹಳೆಯ ಗಣಿಯನ್ನು ಮತ್ತೆ ತೆರೆಯಿತು. ಅಲ್ಲಿಂದ ಪ್ರತಿ ವರ್ಷ ಮಳೆ ಬೀಳುವ ತನಕ ಊರಿಗೆ ಊರೇ ಲಿಫ್ಟಿನಲ್ಲಿ ಕೆಳಗಿಳಿಯುತ್ತಿತ್ತು. ಮೇಲಿನ ಸುರಂಗದಲ್ಲಿ ಅಧಿಕಾರಿಗಳು, ನಡುಸುರಂಗದಲ್ಲಿ ಗಣಿ ನಡೆಸುವ ಕೆಲಸಗಾರರು, ಕೆಳಸುರಂಗದಲ್ಲಿ ಉಳಿದವರೆಲ್ಲ. ಕೆಳಗೆ ಹೋದಷ್ಟೂ ಬಂಡೆಯ ಕಾವು ಹೆಚ್ಚು. ಆದರೂ ಹೊರಗಿನ ಬೆಂಕಿಗಿಂತ ವಾಸಿ.

ಒಳಗೆ ದೀಪ ಹಚ್ಚುವಂತಿರಲಿಲ್ಲ, ಅದು ಗಾಳಿ ತಿನ್ನುತ್ತದೆ. ಬ್ಯಾಟರಿಯನ್ನೂ ತರುವಂತಿರಲಿಲ್ಲ. ಮೊದಲ ವರ್ಷ ಬ್ಯಾಟರಿ ಸಿಡಿದು ಬೆಂಕಿ ಹತ್ತಿ, ಹೊಗೆಗೆ ಒಂದು ಓಣಿಯ ಜನವೇ ಸತ್ತಿದ್ದರು. ಕೆಳಸುರಂಗಕ್ಕೆ ವೈರು ಎಳೆಯುವ ಮಾತು ಪ್ರತಿ ವರ್ಷ ಬರುತ್ತಿತ್ತು, ಮಳೆ ಬಿದ್ದೊಡನೆ ಮರೆತುಹೋಗುತ್ತಿತ್ತು. ಹೀಗಾಗಿ ತಲೆಗೊಂದು ಗ್ಲೋ ಸ್ಟಿಕ್. ಜನ ಅದನ್ನು ಮಿಂಚುಕಡ್ಡಿ ಎಂದರು. ಬೆಳಗ್ಗೆ ಸಾಲಿನಲ್ಲಿ ನಿಂತು ಪಡೆಯಬೇಕು, ಬಗ್ಗಿಸಿ ಲಟಕ್ಕೆನಿಸಬೇಕು, ಆರು ತಾಸು ಬೆಳಕು. ಮೇಲಿನವರಿಗೆ ನೀಲಿ, ನಡುವಿನವರಿಗೆ ಕೆಂಪು, ಕೆಳಗಿನವರಿಗೆ ಹಸಿರು. ಯಾರು ಎಲ್ಲಿಯವರು ಎಂಬುದು ಕಾವಲಿನವರಿಗೆ ದೂರದಿಂದಲೇ ತಿಳಿಯುತ್ತಿತ್ತು. ಕಡ್ಡಿ ಆರಿದ ಮೇಲೆ ಕೋಣೆಯಲ್ಲಿರಬೇಕು. ಓಡಾಡಿದಷ್ಟೂ ಉಸಿರು ಹೆಚ್ಚು, ಉಸಿರಾಡಿದಷ್ಟೂ ಗಾಳಿ ಖರ್ಚು ಎಂದು ಆಡಳಿತ ಹೇಳಿತ್ತು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಸೂಗಮ್ಮ ಆ ಕಡ್ಡಿಗಳನ್ನು ತಯಾರಿಸುವ ಘಟಕದ ಮುಖ್ಯ ರಸಾಯನ ತಜ್ಞೆ.

ಮರುದಿನ ಘಟಕಕ್ಕೆ ಹೋದವಳು ಮೇಜಿನ ಮೇಲೆ ಒಂದು ಕಡ್ಡಿ ಇಟ್ಟು ಬಹಳ ಹೊತ್ತು ನೋಡಿದಳು. ಇದರ ರಸಾಯನ ಅವಳಿಗೆ ಬಾಯಿಪಾಠ. ಹೊರಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಆಕ್ಸಲೇಟ್ ದ್ರಾವಣ ಮತ್ತು ಬಣ್ಣ. ಅದರೊಳಗೆ ತೆಳುಗಾಜಿನ ಇನ್ನೊಂದು ಕೊಳವೆ, ಅದರ ತುಂಬ ಹೈಡ್ರೋಜನ್ ಪೆರಾಕ್ಸೈಡ್. ಬಗ್ಗಿಸಿದರೆ ಗಾಜು ಒಡೆದು ಎರಡೂ ಸೇರುತ್ತವೆ. ಸೇರಿದಾಗ ಹುಟ್ಟುವ ಶಕ್ತಿಯನ್ನು ಬಣ್ಣದ ಅಣುಗಳು ಹೀರಿ ಬೆಳಕಾಗಿ ಬಿಡುತ್ತವೆ. ಒಂದು ಕಡ್ಡಿಯಲ್ಲಿರುವ ಒಟ್ಟು ಬೆಳಕು ಇಷ್ಟೇ ಎಂದು ಮೊದಲೇ ನಿಗದಿ. ತಣ್ಣಗಿದ್ದರೆ ಅದು ನಿಧಾನವಾಗಿ ಖರ್ಚಾಗುತ್ತದೆ, ಬಿಸಿಯಾದರೆ ಭಗಭಗನೆ ಉರಿದುಹೋಗುತ್ತದೆ. ಐಸಿನ ಪೆಟ್ಟಿಗೆಯಲ್ಲಿಟ್ಟರೆ ಕಡ್ಡಿ ದಿನಗಟ್ಟಲೆ ಬಾಳುತ್ತದೆ. ಕೆಳಸುರಂಗದ ಕಾವಿನಲ್ಲಿ ಆರು ತಾಸು ಎನ್ನುವುದೂ ಕಾಗದದ ಮೇಲಿನ ಮಾತು.

"ತಂಪು ಮಾಡಿದ್ರ ಬಾಳತದ," ಅಂದ ಜಾನ್‌ವೆಸ್ಲಿ. ಘಟಕದಲ್ಲಿ ಅವಳ ಜೊತೆ ಕೆಲಸ ಮಾಡುವ ಹಿರಿಯ ತಂತ್ರಜ್ಞ ಅವನು, ರಾಯಚೂರಿನವನು, ಮಾತು ಕಡಿಮೆ. "ತಂಪು ಎಲ್ಲಿಂದ ತರ್ತೀರಿ? ನಮಗ ಕುಡ್ಯಾಕ ತಣ್ಣನ್ನ ನೀರಿಲ್ಲ."

"ತಂಪು ಬ್ಯಾಡ ವೆಸ್ಲಿ ಅಣ್ಣ. ಪೆರಾಕ್ಸೈಡು ಒಮ್ಮೆಲೆ ಸುರಿಯೋದರ ಬದ್ಲಿ ತೊಟ್ಟು ತೊಟ್ಟು ಬಿಡಬೇಕು. ಸೆಕಿ ಜಾಸ್ತಿ ಆದಷ್ಟು ಕಮ್ಮಿ ಬಿಡಬೇಕು."

"ಅಂಥಾದ್ದು ಯಾವುದೈತಿ?"

ಅವಳಿಗೂ ಗೊತ್ತಿರಲಿಲ್ಲ. ಕೆಲಸದ ಪಾಳಿ ಮುಗಿದ ಮೇಲೆ ಇಬ್ಬರೂ ಕೂತು ಒಂದೊಂದನ್ನೇ ನೋಡಿದರು. ವೇಗವರ್ಧಕ ಕಡಿಮೆ ಮಾಡಿದರೆ ಬೆಳಕು ಬೂದಿ ಮುಚ್ಚಿದ ಕೆಂಡದಂತೆ ಮಂಕಾಯಿತು. ಗಾಜಿನಲ್ಲಿ ಸೂಜಿಯ ತೂತು ಮಾಡಿದರೆ ಕಾವಿಗೆ ಒಳಗಿನ ದ್ರವ ಉಬ್ಬಿ ಕೊಳವೆಯೇ ಸೀಳಿತು. ಮೇಣದ ಲೇಪ ಕೊಟ್ಟರೆ ಮೇಣವೇ ಕರಗಿತು. ವೆಸ್ಲಿ ಪ್ರತಿ ಸಲವೂ ಒಡೆದ ಚೂರುಗಳನ್ನು ಗುಡಿಸಿ, "ಮುಂದಿಂದು?" ಎನ್ನುತ್ತಿದ್ದ.

ದಾರಿ ಸಿಕ್ಕಿದ್ದು ಮನೆಯಲ್ಲಿ. ಹುಲಿಗೆಮ್ಮ ಒಂದು ದಿನ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಅದರಲ್ಲಿ ಬಾಣಂತಿಯರಿಗೆ ಉಂಡಿ ಕಟ್ಟುವ ಅಂಟು ಇತ್ತು. ಜಾಲಿ ಮರದ ಅಂಟು, ಹಳದಿ ಕಲ್ಲುಸಕ್ಕರೆಯಂತೆ.

"ಬಸ್ಸಮ್ಮಗ ಅಂತ ಆರಿಸಿಟ್ಟಿದ್ದೆ," ಅಂದಳು. "ಅದರಾಗ ಒಂದೀಟು ನೀರು ಬಿದ್ದು ಹಾಳಾಗೇದ ನೋಡು."

ಒದ್ದೆಯಾದ ಅಂಟು ಉಬ್ಬಿ ಮೆತ್ತಗಾಗಿತ್ತು. ಸೂಗಮ್ಮ ಅದನ್ನು ಬೆರಳಲ್ಲಿ ಹಿಚುಕಿದಳು. ಆಮೇಲೆ ಸುಮ್ಮನೆ ಹಿಚುಕುತ್ತಲೇ ಇದ್ದಳು. ಅಂಟು ಕುಡಿದಿಟ್ಟುಕೊಳ್ಳುತ್ತದೆ, ಮೆಲ್ಲಗೆ ಬಿಡುತ್ತದೆ. ಅದನ್ನು ಸರಿಯಾಗಿ ಗಟ್ಟಿ ಮಾಡಿದರೆ ಕಾವಿಗೆ ಮುದುಡಿ ತನ್ನ ರಂಧ್ರಗಳನ್ನು ತಾನೇ ಬಿಗಿ ಮಾಡಿಕೊಳ್ಳಲಾರದೆ?

"ಅತ್ತೀ, ಇದನ್ನ ನಾ ಒಯ್ಯಲೇನು?"

"ಒಯ್ಯಿ. ತಿನ್ನಾಕ ಯಾರದಾರ ಈಗ."

ಗಟ್ಟಿ ಮಾಡಲು ಕೊನೆಗೆ ಒದಗಿದ್ದು ಪಟಿಕ, ಕದಡಿದ ನೀರನ್ನು ತಿಳಿ ಮಾಡಲು ಕೊಡದಲ್ಲಿ ಆಡಿಸುವ ಅದೇ ಬಿಳಿಯ ಹರಳು. ಪಟಿಕದ ನೀರಿನಲ್ಲಿ ನೆನೆಸಿದ ಅಂಟನ್ನು ಸಣ್ಣ ಕಾಳು ಮಾಡಿ, ಒಣಗಿಸಿ, ಪೆರಾಕ್ಸೈಡಿನಲ್ಲಿ ಹಾಕಿದರೆ ಅವು ಅದನ್ನು ಹೀರಿ ಉಬ್ಬಿದವು. ಆ ಕಾಳುಗಳನ್ನು ಬಣ್ಣದ ದ್ರಾವಣಕ್ಕೆ ಬಿಟ್ಟಾಗ ಒಂದೊಂದು ಕಾಳೂ ಹೊಳೆಯಿತು, ಪಾಯಸದಲ್ಲಿ ಬೆಂದ ಸಾಬೂದಾನಿಯಂತೆ. ಬಿಸಿ ಮಾಡಿದಾಗ ಕಾಳು ಮುದುಡಿತು. ಬೆಳಕು ಏರಲೂ ಇಲ್ಲ, ಇಳಿಯಲೂ ಇಲ್ಲ. ಮರುದಿನ ಬಂದು ನೋಡಿದರು, ಉರಿಯುತ್ತಿತ್ತು. ಅದರ ಮರುದಿನವೂ ಉರಿಯುತ್ತಿತ್ತು. ಎರಡು ವಾರ ಕಳೆದ ಮೇಲೆ ವೆಸ್ಲಿ ಅದನ್ನು ಕೈಯಲ್ಲಿ ಹಿಡಿದು, "ಇದಕ್ಕ ಸಾಯೋದ ಮರ್ತುಹೋಗೇದ," ಅಂದ. ಅವನು ನಕ್ಕದ್ದನ್ನು ಅವಳು ಅಪರೂಪಕ್ಕೆ ಕಂಡಳು.

ಅವಳು ಅದನ್ನು ಮನೆಗೆ ತಂದು ಅತ್ತೆಯ ಮುಂದಿಟ್ಟಳು. ಹುಲಿಗೆಮ್ಮ ಒಂದು ಬಿಳಿ ಬಟ್ಟೆ ತೆಗೆದು, ಸೂಜಿಯಿಂದ ಬೆರಳು ಚುಚ್ಚಿಕೊಂಡು, ಬಟ್ಟೆಗೆ ಒತ್ತಿ ಬೆಳಕಿಗೆ ಹಿಡಿದಳು. ಕೆಂಪು ಬೆಳಕಿನಲ್ಲಿ ಬಟ್ಟೆ ಬರೀ ಬಟ್ಟೆಯಾಗಿಯೇ ಕಂಡಿತು.

"ಬಾಳತದ ಖರೆ," ಅಂದಳು. "ಆದರ ಕಾಣಲಿಲ್ಲಂದ್ರ ತಿಂಗಳಗಟ್ಟಲೆ ಉರಿದು ಏನು ಮಾಡ್ತದ?"

ಸೂಗಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು. ಮೂರು ಬಣ್ಣ ಸೇರಿದರೆ ಬಿಳಿ. ನೀಲಿ, ಕೆಂಪು, ಹಸಿರು. ಮೂರೂ ಘಟಕದ ಕಪಾಟಿನಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಇಷ್ಟು ವರ್ಷ ಅವನ್ನು ಒಟ್ಟು ಸೇರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ, ಅವಳಿಗೂ ಸಹ. ಹಳೆಯ ರೀತಿಯಲ್ಲಿ ಬೆರೆಸಿದ್ದರೆ ಕೆಂಪು ಬಣ್ಣ ಬೇಗ ಕೆಟ್ಟು ಬೆಳಕು ಹಸಿರಿಗೆ ತಿರುಗುತ್ತಿತ್ತು. ಅಂಟಿನ ಕಾಳು ಪೆರಾಕ್ಸೈಡನ್ನು ಮೆಲ್ಲಗೆ ಬಿಡುವುದರಿಂದ ಮೂರೂ ಜೊತೆಯಾಗಿ ಬಾಳಿದವು. ಮುಂದಿನ ವಾರ ಹುಲಿಗೆಮ್ಮ ಮತ್ತೆ ಬೆರಳು ಚುಚ್ಚಿಕೊಂಡಳು. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕುಂಕುಮದಂತೆ ಎದ್ದು ಕಂಡಿತು. ಅವಳು ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

ಸೂಗಮ್ಮ ಬಿಳಿಯ ಕಡ್ಡಿ ಹಿಡಿದು ಮೇಲಿನ ಸುರಂಗಕ್ಕೆ ಹೋದಳು. ಮುಖ್ಯಾಧಿಕಾರಿ ಮುದಗಲ್ ಸಾಹೇಬರ ಕೋಣೆಯಲ್ಲಿ ವೈರಿನ ದೀಪವಿತ್ತು, ಗೋಡೆಯ ಮೇಲಿನ ಯಂತ್ರದಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಅವಳ ಬೆವರು ಆರಿ ಚಳಿ ಹಿಡಿದಂತಾಯಿತು. ಅವರು ಕಡ್ಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಅವಳ ವಿವರಣೆಯನ್ನು ಪೂರ್ತಿ ಕೇಳಿದರು. ಜಾಣ ಪ್ರಶ್ನೆಗಳನ್ನೇ ಕೇಳಿದರು.

"ಬಹಳ ಚೆನ್ನಾಗಿದೆ," ಅಂದರು. "ಇದನ್ನು ಮಾಡಬೇಡಿ."

"ಸಾಹೇಬ್ರ?"

"ನಾಲ್ಕು ತಿಂಗಳು, ಇಷ್ಟು ಸಾವಿರ ಜನ, ಒಂದು ಬಿಲದಲ್ಲಿ. ಒಂದು ಜಗಳ, ಒಂದು ನೂಕುನುಗ್ಗಲು ಆದರೆ ಸಾಕು, ಹೆಣಗಳನ್ನು ಎತ್ತಲು ಜಾಗವಿರುವುದಿಲ್ಲ. ಈಗ ಯಾಕೆ ಆಗುತ್ತಿಲ್ಲ ಗೊತ್ತೆ? ದಿನದಲ್ಲಿ ಆರು ತಾಸಾದ ಮೇಲೆ ಎಲ್ಲರೂ ತಂತಮ್ಮ ಕೋಣೆಯಲ್ಲಿರುತ್ತಾರೆ. ನನ್ನ ಹತ್ತಿರ ಇರುವ ಕಾವಲಿನವರು ಬೆರಳೆಣಿಕೆ. ಕಾವಲು ಮಾಡುತ್ತಿರುವುದು ಕತ್ತಲೆ."

"ಹಂಗಾರ ಗಾಳಿ ಸಾಲೂದಿಲ್ಲ ಅನ್ನೋದು?"

ಮುದಗಲ್ ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ಜನಕ್ಕೆ ಒಪ್ಪುವ ಕಾರಣ ಹೇಳಬೇಕಾಗುತ್ತದೆ."

"ಒಬ್ಬ ಬಾಣಂತಿ ಸತ್ತಾಳ್ರಿ, ಬೆಳಕಿಲ್ದ."

"ಅದಕ್ಕೆ ನನಗೂ ದುಃಖವಿದೆ. ಸೂಲಗಿತ್ತಿಯರಿಗೆ ಇನ್ನೊಂದು ಕಡ್ಡಿ ಕೊಡಿಸುತ್ತೇನೆ. ಇದನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ. ಘಟಕದಲ್ಲಿರುವುದನ್ನೂ ಇವತ್ತೇ ನಾಶಮಾಡಿ."

ಸೂಗಮ್ಮ ಮೇಜಿನ ಮೇಲಿನ ಕಡ್ಡಿಯನ್ನು ನೋಡಿದಳು. ವೈರಿನ ದೀಪದ ಮುಂದೆ ಅದರ ಬೆಳಕು ಕಾಣಿಸುತ್ತಲೇ ಇರಲಿಲ್ಲ.

"ಮಾಡೂದಿಲ್ರೀ," ಅಂದಳು.

"ಏನು?"

"ನಾಶ ಮಾಡೂದಿಲ್ಲ. ನೀವು ಮಾಡಿಸ್ಕೋರಿ. ನನ್ನ ಕೈಲೆ ಆಗೂದಿಲ್ಲ."

ಆ ದಿನವೇ ಅವಳನ್ನು ಘಟಕದಿಂದ ತೆಗೆದರು. ಕಾವಲಿನವರು ಬಂದು ಅಂಟು, ಕಾಳು, ಬಿಳಿ ಕಡ್ಡಿಗಳನ್ನೆಲ್ಲ ಚೀಲಕ್ಕೆ ತುಂಬಿ ಒಯ್ದರು. ವೆಸ್ಲಿ ಬಾಗಿಲು ಹಿಡಿದು ನಿಂತು ನೋಡುತ್ತಿದ್ದ.

ಮನೆಯಲ್ಲಿ ಗಂಡ ಅಮರೇಶ ಕಾಯುತ್ತಿದ್ದ. ಅವನು ಗಾಳಿಕೋಣೆಯಲ್ಲಿ ಫ್ಯಾನು ನೋಡಿಕೊಳ್ಳುವವನು. ಮೂರು ಸುರಂಗಕ್ಕೂ ಹೊರಗಿನಿಂದ ಗಾಳಿ ಎಳೆದು ತರುವ ದೊಡ್ಡ ಫ್ಯಾನುಗಳು ಅವನ ಸುಪರ್ದಿಯಲ್ಲಿದ್ದವು.

"ಒಂದ ಮಾತು ಹೂಂ ಅಂದು ಬಂದಿದ್ರ ಏನಾಕ್ಕಿತ್ತು?" ಅಂದ. "ನಾಳೆ ನನ್ನನ್ನೂ ತೆಗೀತಾರ. ಮೂವರನ್ನೂ ಕೆಳಗ ಒಗೀತಾರ."

"ಕೆಳಗಿರೋರು ಮನುಷ್ಯಾರಲ್ಲೇನು?"

"ನಾ ಹಂಗಂದ್ನೇನು?"

"ಗಾಳಿ ಸಾಲೂದಿಲ್ಲ ಅಂತಾರಲ್ಲ, ನಿಮಗ ಗೊತ್ತಿಲ್ಲೇನು ಖರೆ ಏನಂತ? ಮೀಟರು ನಿಮ್ಮ ಕಣ್ಣ ಮುಂದ ಐತಿ."

ಅಮರೇಶ ಗೋಡೆಯ ಕಡೆ ತಿರುಗಿದ. "ಗಾಳಿಗೇನೂ ಕಮ್ಮಿ ಇಲ್ಲ," ಅಂದ ಮೆಲ್ಲಗೆ. "ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ನೌಕರಿ ಸೂಗೂ. ಇದೊಂದು ಬಿಟ್ರ ನಮಗೇನೈತಿ?"

ಅವಳು ಅವನಿಗೆ ಬೈಯಲಿಲ್ಲ. ಹುಲಿಗೆಮ್ಮ ಮೂಲೆಯಿಂದ ಎದ್ದು ಬಂದು ಸೊಸೆಯ ಮುಂದೆ ತನ್ನ ಅಂದಿನ ಕಡ್ಡಿಯನ್ನು ಇಟ್ಟಳು. ಬೆಳಗ್ಗೆ ಪಡೆದದ್ದು, ಇನ್ನೂ ಒಡೆದಿರಲಿಲ್ಲ.

"ಇದರಾಗ ಎಲ್ಲಾ ಸಾಮಾನು ಅದ ಅಂತಿದ್ದೆಲ್ಲ ನೀ," ಅಂದಳು. "ಅಂಟು ಎಲ್ಲಾರ ಮನಿಯಾಗ ಐತಿ. ಪಟಿಕಾನೂ ಐತಿ. ಹಂಗಾರ ಘಟಕ ಯಾತಕ್ಕ ಬೇಕು?"

ಸೂಗಮ್ಮ ಅತ್ತೆಯನ್ನು ನೋಡಿದಳು. ತಾನು ಇಷ್ಟು ಹೊತ್ತು ಕಳೆದುಕೊಂಡದ್ದನ್ನೇ ಎಣಿಸುತ್ತ ಕೂತಿದ್ದೆ ಅನಿಸಿತು. ಕಡ್ಡಿಯ ಮುಚ್ಚಳವನ್ನು ಬ್ಲೇಡಿನಿಂದ ಕತ್ತರಿಸಿ, ಬಣ್ಣದ ದ್ರಾವಣವನ್ನು ಲೋಟಕ್ಕೆ ಬಸಿದು, ಗಾಜಿನ ಕೊಳವೆಯನ್ನು ಹುಷಾರಾಗಿ ಹೊರತೆಗೆದಳು. ಅಡುಗೆ ಪಾತ್ರೆಯಲ್ಲಿ ಮಾಡಿದ ಕಾಳು ಒರಟಾಗಿತ್ತು, ಘಟಕದ್ದರಷ್ಟು ನಯವಿರಲಿಲ್ಲ. ಬೆಳಕು ಎರಡು ವಾರ ಬಾಳಲಿಲ್ಲ. ನಾಲ್ಕು ದಿನ ಬಾಳಿತು. ನಾಲ್ಕು ದಿನ ಸಾಕಿತ್ತು.

ಮೊದಲು ಕಲಿತವರು ಬಸ್ಸಮ್ಮನ ಓಣಿಯ ಹೆಂಗಸರು. ಹುಲಿಗೆಮ್ಮ ಬಾಣಂತಿಯರನ್ನು ನೋಡುವ ನೆಪದಲ್ಲಿ ಹೋಗುವಾಗ ಸೂಗಮ್ಮನೂ ಜೊತೆಗೆ ಹೋಗುತ್ತಿದ್ದಳು. ಅವಳು ಹೇಳಿಕೊಡುತ್ತಿದ್ದ ರೀತಿ ಅವಳಿಗೇ ಹೊಸದು. ಅಣು, ವೇಗವರ್ಧಕ ಎಂಬ ಮಾತುಗಳೇ ಬರುತ್ತಿರಲಿಲ್ಲ. ಕಾಳು ಹಲ್ಲಿನಲ್ಲಿ ಕಚ್ಚಿದರೆ ಹಪ್ಪಳದಂತೆ ಮುರಿಯಬೇಕು, ನೆನೆಸಿದ ಮೇಲೆ ಕಚ್ಚಬಾರದು, ಕಣ್ಣಿಗೆ ಸಿಡಿಸಿಕೊಳ್ಳಬಾರದು, ಮುಚ್ಚಳ ಗಾಳಿಯಾಡದಂತೆ ಮೇಣ ಹಚ್ಚಬೇಕು. ಹೆಂಗಸರಿಗೆ ಉಪ್ಪಿನಕಾಯಿ ಹಾಕುವುದಕ್ಕಿಂತ ಇದು ಕಷ್ಟವೆನಿಸಲಿಲ್ಲ. ಅವರು ಅಕ್ಕತಂಗಿಯರಿಗೆ, ನಾದಿನಿಯರಿಗೆ, ನೀರಿನ ಸಾಲಿನಲ್ಲಿ ಪಕ್ಕ ನಿಂತವರಿಗೆ ಕಲಿಸಿದರು.

ಬಿಳಿ ಬೆಳಕು ಮಾತ್ರ ಒಬ್ಬರಿಂದ ಆಗುವಂಥದ್ದಾಗಿರಲಿಲ್ಲ. ಕೆಳಗಿನವರಲ್ಲಿ ಹಸಿರು ಬಿಟ್ಟರೆ ಬೇರೆ ಇರಲಿಲ್ಲ. ಕೆಂಪು ಬೇಕೆಂದರೆ ನಡುಸುರಂಗದವರು, ನೀಲಿ ಬೇಕೆಂದರೆ ಮೇಲಿನವರು ಕೊಡಬೇಕು. ಕೆಂಪನ್ನು ಹುಲಿಗೆಮ್ಮನ ನೆರೆಯವರು ಕೊಟ್ಟರು. ನೀಲಿ ಎಲ್ಲಿಂದ ಎಂದು ಯೋಚಿಸುತ್ತಿರುವಾಗಲೇ ಒಂದು ದಿನ ಜಾನ್‌ವೆಸ್ಲಿ ಮನೆಗೆ ಬಂದ. ಜೊತೆಗೆ ಮೇಲಿನ ಸುರಂಗದ ಲೆಕ್ಕಾಧಿಕಾರಿಯ ಹೆಂಡತಿ, ನೀಲಿ ಕಡ್ಡಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

"ಇವ್ರ ಮಗಳಿಗೆ ಹುಲಿಗೆಮ್ಮಾರ ಬಾಣಂತನ ಮಾಡ್ಯಾರಂತ," ಅಂದ ವೆಸ್ಲಿ. "ಕೇಳಿದ್ರ ಕೊಡ್ತೀನಂದ್ರು. ನಾ ಬರೀ ದಾರಿ ತೋರಿಸ್ದೆ."

ಕೆಳಸುರಂಗದಲ್ಲಿ ಮೊದಲ ಬಿಳಿ ಕಡ್ಡಿ ಉರಿದಾಗ ಜನ ಸುಮಾರು ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನೀ ಇಷ್ಟು ಕಪ್ಪಾಗೀಯೇನ, ನಿನ್ನ ಕೂದ್ಲು ಯಾವಾಗ ಬೆಳ್ಳಗಾತು ಎಂದು ಕೇಳಿದರು. ಹಸಿರು ಬೆಳಕಿನಲ್ಲಿ ಎಲ್ಲರೂ ಒಂದೇ ಬಣ್ಣದವರಾಗಿದ್ದರು.

ಪೆರಾಕ್ಸೈಡು ಗುರುತು ಬಿಡದೆ ಇರುವುದಿಲ್ಲ. ಕಾಳು ನೆನೆಸಿದವರ ಬೆರಳ ತುದಿ ಸುಣ್ಣ ಮೆತ್ತಿದಂತೆ ಬೆಳ್ಳಗಾಗುತ್ತಿತ್ತು, ತೊಳೆದರೂ ದಿನಗಟ್ಟಲೆ ಹೋಗುತ್ತಿರಲಿಲ್ಲ. ಇದು ಮೇಲಿನವರಿಗೆ ತಿಳಿಯಲು ತಡವಾಗಲಿಲ್ಲ. ಒಂದು ಬೆಳಗ್ಗೆ ಕಡ್ಡಿ ಕೊಡುವ ಕಿಟಕಿಯ ಮುಂದೆ ಕಾವಲಿನವರು ನಿಂತಿದ್ದರು. ಕೈ ತೋರಿಸಬೇಕು, ಬೆರಳು ಬೆಳ್ಳಗಿದ್ದವರಿಗೆ ಕಡ್ಡಿ ಇಲ್ಲ, ಅವರ ಮನೆಯವರಿಗೂ ಇಲ್ಲ ಎಂದು ಧ್ವನಿವರ್ಧಕ ಕೂಗಿತು.

ಸಾಲು ಹಿಂದೆ ಸರಿಯಿತು. ಹೆಂಗಸರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಇಷ್ಟು ಜನರನ್ನು ತಾನು ಇದಕ್ಕೆ ತಂದೆನಲ್ಲ ಎಂದು ಸೂಗಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು. ಅಷ್ಟರಲ್ಲಿ ಹುಲಿಗೆಮ್ಮ ಎಲ್ಲರನ್ನೂ ಸರಿಸಿಕೊಂಡು ಮುಂದೆ ನಡೆದಳು. ಎರಡೂ ಕೈಗಳನ್ನು ಕಾವಲಿನವನ ಮುಖದ ಹತ್ತಿರ ಒಯ್ದು ಬೆರಳು ಅಗಲಿಸಿದಳು.

"ಚೆಂದಾಗಿ ನೋಡಪ. ಹತ್ತೂ ಬೆಳ್ಳಗದಾವ. ಈ ಕೈಯಾಗ ನೀನೂ ಹುಟ್ಟಿರಬೇಕು. ಯಾರ ಮಗ ನೀನು?"

ಕಾವಲಿನವನು ಕಣ್ಣು ತಪ್ಪಿಸಿದ. "ಬೆಳ್ಳಗಿದ್ರ ಕಡ್ಡಿ ಕೊಡಬ್ಯಾಡ ಅಂದಾರ ಅಮ್ಮ."

"ಬ್ಯಾಡ ಬಿಡು. ನಿನ್ನೆ ಮೊನ್ನಿಂದು ಇನ್ನೂ ಉರೀತದ."

ಅವಳ ಹಿಂದಿದ್ದ ಹೆಂಗಸು ಕೈ ಹೊರಗೆ ತೆಗೆದಳು. ಅವಳ ಹಿಂದಿನವಳೂ ತೆಗೆದಳು. ಬೆರಳು ಬೆಳ್ಳಗಿಲ್ಲದವರು ಕೂಡ ಸಾಲು ಬಿಟ್ಟು ಹೋಗಿ ಕಡ್ಡಿ ಒಡೆದು ಪೆರಾಕ್ಸೈಡಿನಲ್ಲಿ ಬೆರಳು ಅದ್ದಿಕೊಂಡು ಬಂದು ನಿಂತರು. ಮಧ್ಯಾಹ್ನದ ತನಕ ಕಿಟಕಿಯಿಂದ ಒಂದು ಕಡ್ಡಿಯನ್ನೂ ಯಾರೂ ಪಡೆಯಲಿಲ್ಲ. ಆರು ತಾಸು ಕಳೆಯಿತು. ಯಾರೂ ಕೋಣೆಗೆ ಹೋಗಲಿಲ್ಲ.

ಅದೇ ಹೊತ್ತಿಗೆ ಗಾಳಿಕೋಣೆಯಲ್ಲಿ ಫೋನು ರಿಂಗಾಯಿತು. ಅಮರೇಶ ಎತ್ತಿದ. ಮುದಗಲ್ ಸಾಹೇಬರೇ ಮಾತಾಡಿದರು.

"ಕೆಳಸುರಂಗದ ಫ್ಯಾನು ಅರ್ಧಕ್ಕೆ ಇಳಿಸಿ."

ಅಮರೇಶ ಮೀಟರು ನೋಡಿದ. ಮುಳ್ಳು ಹಸಿರು ಪಟ್ಟಿಯ ನಡುವೆ ಅಲುಗದೆ ನಿಂತಿತ್ತು. "ಗಾಳಿ ಸರಿ ಐತ್ರಿ ಸಾಹೇಬ್ರ. ಇಳಿಸೂದ್ಯಾಕ್ರೀ?"

"ಓಡಾಡಿದರೆ ಗಾಳಿ ಕೆಡುತ್ತದೆ ಎಂದು ಅವರಿಗೆ ತಿಳಿಯಲಿ. ಒಂದು ತಾಸು ಸಾಕು. ಯಾರಿಗೂ ಏನೂ ಆಗುವುದಿಲ್ಲ, ತಲೆ ಭಾರವಾಗುತ್ತದೆ ಅಷ್ಟೆ. ತಾವಾಗಿಯೇ ಕೋಣೆ ಸೇರುತ್ತಾರೆ."

ಅಮರೇಶ ಗುಂಡಿಯ ಮೇಲೆ ಕೈ ಇಟ್ಟ. ಇಪ್ಪತ್ತು ವರ್ಷ ಹೇಳಿದ್ದನ್ನು ಮಾಡಿದ ಕೈ ಅದು. ಕೆಳಗೆ ಈಗ ಎಷ್ಟು ಎಳೆಗೂಸುಗಳಿವೆ ಎಂದು ತಾಯಿ ಹೇಳಿದ್ದು ನೆನಪಾಯಿತು, ಬಸ್ಸಮ್ಮನದೂ ಸೇರಿ.

"ನಾ ಮಾಡೂದಿಲ್ರೀ," ಅಂದ.

"ಏನಂದೆ? ಹೇಳಿದಷ್ಟು ಮಾಡು."

"ನಾ ಇಳಿಸೂದಿಲ್ಲ. ಬ್ಯಾರೆಯವ್ರು ಬಂದ್ರ ಬಾಗಲಾನೂ ತೆಗ್ಯೂದಿಲ್ಲ." ಫೋನು ಇಟ್ಟು, ಒಳಗಿನಿಂದ ಅಗುಳಿ ಹಾಕಿದ. ಆಮೇಲೆ ಗೋಡೆಗೆ ಒರಗಿ ಕೂತ.

ಗಾಳಿಕೋಣೆ ಕೆಳಸುರಂಗದ ತುದಿಗಿತ್ತು. ಆರು ತಾಸಿನ ಕಡ್ಡಿ ಹಿಡಿದು ಕೆಲಸ ಮುಗಿಸಿ ಅಲ್ಲಿಯ ತನಕ ಹೋಗಿ ಬರುವುದು ಯಾರಿಂದಲೂ ಆಗುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಪಾಳಿಯವರ ಹೊರತು ಆ ಕಡೆ ಯಾರೂ ಹೋಗಿದ್ದಿಲ್ಲ. ಮುದಗಲ್ ಸಾಹೇಬರು ಕಾವಲಿನವರೊಂದಿಗೆ ಲಿಫ್ಟಿನಲ್ಲಿ ಇಳಿದು ಆ ಕಡೆ ಹೋಗುವುದನ್ನು ಕಂಡ ಜನ ಹಿಂದೆಯೇ ಹೊರಟರು. ಸೂಗಮ್ಮ ಮುಂದಿದ್ದಳು. ಬಿಳಿ ಕಡ್ಡಿಗಳ ಬೆಳಕಿನಲ್ಲಿ ಸುರಂಗದ ಗೋಡೆಯ ಮೇಲೆ ಹಳೆಯ ಗಣಿಯವರ ಉಳಿಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಕಾವಲಿನವರು ಬಾಗಿಲು ಬಡಿಯುತ್ತಿದ್ದರು. "ಏನ್ರೀ, ನಾನ್ರೀ," ಎಂದು ಸೂಗಮ್ಮ ಕೂಗಿದಾಗ ಒಳಗಿನ ಅಗುಳಿ ಸರಿಯಿತು. ಅಮರೇಶ ಬಾಗಿಲಲ್ಲಿ ನಿಂತು ಹೆಂಡತಿಯನ್ನು, ಅವಳ ಹಿಂದಿನ ಜನರನ್ನು ನೋಡಿದ.

"ಫ್ಯಾನು ಇಳಿಸು ಅಂದ್ರು," ಅಂದ ಎಲ್ಲರಿಗೂ ಕೇಳುವಂತೆ. "ನಾ ಇಳಿಸಿಲ್ಲ. ಬರ್ರಿ, ನೀವ ನೋಡ್ರಿ."

ಅವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಮೀಟರು ನೋಡಿದರು.

"ಅದು ನಿಮಗೆ ಅರ್ಥವಾಗುವಂಥದ್ದಲ್ಲ," ಅಂದರು ಮುದಗಲ್.

"ಮುಳ್ಳು ಹಸರಾಗ ಇದ್ರ ಚಲೋ, ಕೆಂಪಿನಾಗ ಹೋದ್ರ ಕೆಟ್ಟದ್ದು," ಅಂದಳು ಸೂಗಮ್ಮ. "ಇದರಾಗ ಅರ್ಥ ಆಗಲಾರದ್ದೇನೈತ್ರಿ ಸಾಹೇಬ್ರ? ನೂಕುನುಗ್ಗಲು ಆಕ್ಕತಿ ಅಂದಿದ್ರಿ. ನೋಡ್ರಿ, ಎಷ್ಟು ಜನ ಅದಾರ. ಯಾರು ಯಾರನ್ನ ನೂಕಿದ್ರು?"

ಯಾರೂ ಕೂಗಲಿಲ್ಲ. ಜನ ಸುರಂಗದ ಎರಡೂ ಬದಿಗೆ ಕೂತರು, ನಡುವೆ ದಾರಿ ಬಿಟ್ಟು. ಹುಲಿಗೆಮ್ಮ ಗಾಳಿಕೋಣೆಯ ಹೊಸ್ತಿಲ ಮೇಲೇ ಕಾಲು ಚಾಚಿ ಕೂತಳು. ಮುದಗಲ್ ಕಾವಲಿನವರ ಕಡೆ ನೋಡಿದರು. ಕಾವಲಿನವರು ನೆಲ ನೋಡುತ್ತಿದ್ದರು. ಮುದಗಲ್ ಜನ ಬಿಟ್ಟ ದಾರಿಯಲ್ಲಿ ಒಬ್ಬರೇ ನಡೆದು ಹೋದರು. ಕೂತ ಜನ ಅವರಿಗೆ ಅಡ್ಡಬರದಂತೆ ಕಾಲು ಮಡಚಿಕೊಂಡರು.

ವಾರ ಕಳೆಯುವುದರೊಳಗೆ ಹೊಸ ಆದೇಶ ಬಂತು. ಜನರ ಹಿತದೃಷ್ಟಿಯಿಂದ ಆಡಳಿತವು ದೀರ್ಘಕಾಲ ಉರಿಯುವ ಬಿಳಿಯ ಕಡ್ಡಿಯನ್ನು ಜಾರಿಗೆ ತರುತ್ತಿದೆ, ಸಮಯದ ಮಿತಿಯನ್ನು ತೆಗೆಯಲಾಗಿದೆ, ಆದರೆ ಕಡ್ಡಿಗಳನ್ನು ಘಟಕದಲ್ಲಿ ಮಾತ್ರ ತಯಾರಿಸತಕ್ಕದ್ದು, ಮನೆಯಲ್ಲಿ ತಯಾರಿಸುವುದು ಅಪರಾಧ. ಸೂಗಮ್ಮ ತಪ್ಪೊಪ್ಪಿಗೆಗೆ ಸಹಿ ಮಾಡಿದರೆ ಘಟಕದ ಕೆಲಸ ಮರಳಿ ಸಿಗುವುದೆಂದು ವೆಸ್ಲಿಯ ಕೈಲಿ ಹೇಳಿಕಳಿಸಿದರು.

"ಏನ್ ಹೇಳ್ಲಿ?" ಎಂದು ವೆಸ್ಲಿ ಕೇಳಿದ.

"ನನಗ ಪುರಸೊತ್ತಿಲ್ಲ ಅಂತ ಹೇಳ್ರಿ ಅಣ್ಣ. ಕಲ್ಯಾಕ ಮಂದಿ ಬಂದು ಕುಂತಿರ್ತಾರ. ಇವತ್ತು ಬೆಳಕು ಅವರು ಕೊಟ್ಟಾರ, ನಾಳೆ ಅವರ ಕಸಗೋತಾರ. ಮಾಡೂದು ಎಲ್ಲಾರಿಗೂ ಗೊತ್ತಿರಲಿ."

ಅವಳು ಅಂಟಿನ ಡಬ್ಬಿ, ಪಟಿಕದ ಹರಳು ಎತ್ತಿಕೊಂಡು ನಡುಸುರಂಗದ ಹಳೆಯ ಉಗ್ರಾಣಕ್ಕೆ ಹೋದಳು. ಅಮರೇಶ ಪಾಳಿ ಮುಗಿಸಿ ಅಲ್ಲಿಗೇ ಬಂದು ಬ್ಲೇಡುಗಳನ್ನು ಹಂಚುತ್ತಿದ್ದ. ಹೆಂಗಸರು ಗಂಡಸರು ಸುತ್ತುಗಟ್ಟಿ ಕೂತಿದ್ದರು. ಬಾಗಿಲ ಬಳಿ ಇಬ್ಬರು ಕಾವಲಿನವರು ಬಂದು ನಿಂತರು. ಕೆಲವರು ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಸರಿಸಿದರು.

ಸೂಗಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅವರ ಎದುರಿಗೆ ಹೋಗಿ ನಿಂತಳು. "ಹಿಡ್ಕೊಂಡು ಹೋಗಾಕ ಬಂದೀರೇನು? ನನ್ನೊಬ್ಬಾಕಿನ ಒಯ್ದ್ರ ಆಗೂದಿಲ್ಲ. ಇಲ್ಲಿರೋರು ಎಲ್ಲಾರಿಗೂ ಬರ್ತದ."

ಹಿರಿಯವನು ತಲೆ ತುರಿಸಿಕೊಂಡ. ಅಂಗಿಯ ಕಿಸೆಯಿಂದ ಒಡೆಯದ ಒಂದು ನೀಲಿ ಕಡ್ಡಿ ತೆಗೆದ.

"ಇಲ್ರೀ ಅಕ್ಕಾರ," ಅಂದ. "ನಮಗೂ ಕಲಸ್ರಿ."

ಸೂಗಮ್ಮ ಹಿಂದೆ ತಿರುಗಿ, "ಒಂದೀಟು ಸರೀರಿ," ಅಂದಳು. ಜನ ಸರಿದು ಇಬ್ಬರಿಗೆ ಜಾಗ ಮಾಡಿದರು.